ನರ್ಸಿಗೆ ಬೇಡವಾದ ಲೆಕ್ಕ

ನರ್ಸಿಂಗ್ ಕಾಲೇಜು ಸೇರುವ ಮುನ್ನ ರಸಾಯನಶಾಸ್ತ್ರ ಗಟ್ಟಿಮಾಡಿಕೊಳ್ಳಲು ನಾವು ಆರು ಹುಡುಗಿಯರು ಯಾದಗಿರಿಯ ಒಬ್ಬ ಸರ್ ಹತ್ತಿರ ಟ್ಯೂಷನ್ನಿಗೆ ಹೋಗುತ್ತಿದ್ದೆವು. ಬಾಗಿಲ ಬೋರ್ಡಿನಲ್ಲಿ ‘ಪ್ರೊಫೆಸರ್’ ಎಂದಿತ್ತು. ಯಾವ ಕಾಲೇಜಿನಲ್ಲಿ ಎಂದು ಬರೆದಿರಲಿಲ್ಲ. ಪಾಠದ ನಡುವೆ ಮೊಬೈಲ್ ಎತ್ತಿ ಹಿಡಿದು, ಅದರಲ್ಲಿ ಮುಖ ನೋಡಿಕೊಂಡು ಕೂದಲು ತೀಡುತ್ತಿದ್ದರು. ಕಷ್ಟದ ಭಾಗ ಬಂದರೆ ಪುಟ ಮಗುಚಿ, “ಇದು ಡಾಕ್ಟರ್ ಆಗೋರಿಗೆ. ನರ್ಸಿಗೆ ಯಾಕ ಬೇಕು?” ಅನ್ನುತ್ತಿದ್ದರು.

ದ್ರಾವಣಕ್ಕೆ ನೀರು ಬೆರೆಸಿ ತೆಳುಮಾಡುವ ಲೆಕ್ಕವನ್ನೂ ಹಾಗೆಯೇ ಬಿಟ್ಟರು. ಹತ್ತಿಕುಣಿಯಿಂದ ಬರುತ್ತಿದ್ದ ಗೆಳತಿ ಎದ್ದು ನಿಂತಳು.

“ಸರ್, ನಾಳೆ ಔಷಧಕ್ಕ ನೀರು ಕೂಡಿಸೋರು ನಾವೇ ಅಲ್ಲೇನ್ರಿ? ಹೇಳಿಕೊಡ್ರಿ.”

“ಲೆಕ್ಕ ಯಾಕ? ಮಾಡೇ ತೋರಿಸ್ತೀನಿ, ನೋಡು” ಎಂದು ಸಿಟ್ಟಿನಿಂದ ಪ್ರಯೋಗಕ್ಕೆಂದು ಮೇಜಿನ ಮೇಲಿಟ್ಟಿದ್ದ ಆಸಿಡ್ಡಿನ ಗಾಜಿನ ಪಾತ್ರೆಗೆ ಚೊಂಬಿನಿಂದ ನೀರು ಸುರಿದರು. ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್ಡಿಗೆ ನೀರಲ್ಲ ಎಂದು ನಮ್ಮ ಪುಸ್ತಕದಲ್ಲೇ ಇತ್ತು. ಅದು ಕುದಿದು ಸಿಡಿದು ಅವರ ಮುಂಗೈ ಸುಟ್ಟಿತು.

“ಅರಿಷಿಣ ತರ್ರಿ” ಎಂದು ಕೂಗಿದರು. ಗೆಳತಿ ಅವರ ಕೈಯನ್ನು ನಳದ ಕೆಳಗೆ ಹಿಡಿದು, “ಅರಿಷಿಣ ಬ್ಯಾಡ್ರಿ ಸರ್. ಇಪ್ಪತ್ತು ನಿಮಿಷ ಹಿಂಗೇ ನೀರಾಗ ಇಡ್ರಿ” ಎಂದಳು. ಪ್ರೊಫೆಸರು ಇಪ್ಪತ್ತು ನಿಮಿಷವೂ ನಳದ ಕೆಳಗೆ ಕೈ ಹಿಡಿದು ನಿಂತರು.

ಮರುದಿನ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದು, “ಆಸಿಡ್ ಡುಪ್ಲಿಕೇಟ್ ಇತ್ತು” ಎಂದರು. ಸಂಜೆ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಪುಸ್ತಕ ಬಿಚ್ಚಿಟ್ಟು ಆ ಲೆಕ್ಕವನ್ನು ನಾವೇ ಬಿಡಿಸಲು ಕೂತೆವು. ತಿಳಿಯಲು ಮೂರು ಸಂಜೆ ಹಿಡಿಯಿತು. ನಾಲ್ಕನೆಯ ದಿನದಿಂದ ಟ್ಯೂಷನ್ನಿಗೆ ಯಾರೂ ಹೋಗಲಿಲ್ಲ.