ಕೆಸರು ಕುಳಿತ ಸಭೆ

ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊಸ ಬೋರ್‌ವೆಲ್ ಕೊರೆಸಿದಾಗ ಉಪ್ಪುನೀರು ಬಂತು. ಸಂಘದವರು ಉಪ್ಪು ತೆಗೆಯುವ ಯಂತ್ರ ತರಿಸಿ, ಪೂಜೆ ಮಾಡಿ ಶುರು ಮಾಡಿದರು. ತಿಂಗಳೊಳಗೆ ಅದು ಕಟ್ಟಿಕೊಂಡಿತು. ಒಳಗಿನ ಉಪ್ಪು ಸೋಸುವ ಪೊರೆಗಳನ್ನು ಬದಲಾಯಿಸಿದರು, ಅವೂ ಕಟ್ಟಿಕೊಂಡವು.

ಆಗ ನಾನು ಜೀಡಿಮೆಟ್ಲಾದ ಒಂದು ಕಾರ್ಖಾನೆಯಲ್ಲಿ ಕೊಳೆನೀರು ಶುದ್ಧ ಮಾಡುವ ವಿಭಾಗದಲ್ಲಿದ್ದೆ. ಉಪ್ಪು ನೀರಿನಲ್ಲಿ ಕರಗಿರುತ್ತದೆ, ಕೆಸರು ತೇಲಾಡುತ್ತಿರುತ್ತದೆ. ಪೊರೆಯ ಹತ್ತಿರ ಬರುವ ಮೊದಲೇ ಕೆಸರನ್ನು ತೆಗೆಯಬೇಕು ಎಂದು ಸಂಘದ ಅಧ್ಯಕ್ಷರಿಗೆ ಲಿಫ್ಟಿನಲ್ಲಿ ಹೇಳಿದೆ. ಅವರ ಮಹಡಿ ಬಂತು, ಇಳಿದುಹೋದರು.

ಮುಂದಿನ ಸಭೆಗೆ ಬೋರಿನ ನೀರು ತುಂಬಿದ ಗಾಜಿನ ಜಾಡಿಗಳನ್ನು ಒಯ್ದೆ. ಒಂದೊಂದಕ್ಕೆ ಒಂದೊಂದು ಪ್ರಮಾಣದಲ್ಲಿ ಪಟಿಕದ ನೀರು ಹಾಕಿ, ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ ಕಲಕಿದೆ.

"ಎಂತ ಸೇಪು, ಮೇಡಂ?" ಎಷ್ಟು ಹೊತ್ತು ಎಂದು ತೆಲುಗಿನಲ್ಲಿ ಕೇಳಿ ಅಧ್ಯಕ್ಷರು ಗಡಿಯಾರ ನೋಡಿದರು.

ಅರ್ಧ ಗಂಟೆ, ಯಾರೂ ಟೇಬಲ್ ಅಲುಗಾಡಿಸಬಾರದು ಎಂದೆ. ನಮ್ಮ ಸಭೆಗಳಲ್ಲಿ ಟೇಬಲ್ ಗುದ್ದದೆ ಯಾರೂ ಮಾತಾಡುತ್ತಿರಲಿಲ್ಲ. ಹಾಗಾಗಿ ಮಾತೇ ನಿಂತಿತು.

ಕೆಸರು ಅರಳೆಯಂತೆ ಗಂಟುಕಟ್ಟಿ ಇಳಿಯತೊಡಗಿತು. ಪಾರ್ಕಿಂಗ್ ಜಗಳದಲ್ಲಿ ಮಾತು ಬಿಟ್ಟಿದ್ದ ಇಬ್ಬರು ಒಂದೇ ಜಾಡಿಯ ಮುಂದೆ ಬಗ್ಗಿದ್ದರು. ಕಲಬುರಗಿಯಿಂದ ಬಂದು, ಬೇಗಂಪೇಟೆಯ ಸರ್ಕಾರಿ ಕಚೇರಿಯಲ್ಲಿ ನಿವೃತ್ತರಾದ ನಮ್ಮಪ್ಪ ನನ್ನ ಕೆಲಸದ ಬಗ್ಗೆ ಎಂದೂ ಏನೂ ಕೇಳಿದವರಲ್ಲ. ಅವರೂ ಎದ್ದು ಬಂದು ಕನ್ನಡಕ ಏರಿಸಿದರು.

"ಇದು ನೋಡ್ರಿ, ಭಾಳ ಚಲೋ ಕುಂದ್ರಾಕತ್ತೈತಿ," ಎಂದು ನಡುವಿನ ಜಾಡಿ ತೋರಿಸಿ ಪಕ್ಕದವರಿಗೆ ಹೇಳಿದರು. ಪಕ್ಕದವರಿಗೆ ಕನ್ನಡ ಬರುತ್ತಿರಲಿಲ್ಲ, ತಲೆಯಾಡಿಸಿದರು.

ಎಲ್ಲಕ್ಕಿಂತ ಹೆಚ್ಚು ಪಟಿಕ ಹಾಕಿದ ಜಾಡಿ ಮಬ್ಬಾಗಿಯೇ ಉಳಿದಿತ್ತು. ಅತಿಯಾದರೆ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ ಎಂದೆ. ಅಧ್ಯಕ್ಷರು ಅದನ್ನು ತಮಗೇ ಹೇಳಿದ್ದೆಂದು ತಿಳಿದು ಟೇಬಲ್ ಮೇಲಿದ್ದ ಕೈ ಹಿಂದೆ ತೆಗೆದುಕೊಂಡರು.

ಕೆಸರು ಇಳಿಸುವ ತೊಟ್ಟಿಗೂ ಮರಳಿನ ಫಿಲ್ಟರಿಗೂ ಅಂದೇ ಒಪ್ಪಿಗೆ ಸಿಕ್ಕಿತು. ಅವು ಬಂದ ಮೇಲೆ ಪೊರೆಗಳು ಸರಿಯಾಗಿಯೇ ಇವೆ.

ಕೆಲವು ವಾರಗಳ ನಂತರ ಅಪ್ಪ ನನ್ನ ಕಾರ್ಖಾನೆ ನೋಡಬೇಕೆಂದರು. ಅನುಮತಿ ಪಡೆದು ಕರೆದುಕೊಂಡು ಹೋದೆ. ದೊಡ್ಡ ದುಂಡನೆಯ ತೊಟ್ಟಿಯ ತಳದಿಂದ ಕೆಸರು ಬಳಿಯುವ ತೋಳು ನಿಧಾನ ತಿರುಗುತ್ತಿತ್ತು. ಅಪ್ಪ ಅಂಚಿನ ಕಂಬಿ ಹಿಡಿದು ಬಹಳ ಹೊತ್ತು ನಿಂತರು.

"ಇಷ್ಟೆಲ್ಲಾ ನೀನ ನೋಡ್ಕೋತೀಯೇನವ್ವಾ?"

"ಹೂಂ ಅಪ್ಪಾ."

ಇನ್ನೇನೋ ಹೇಳುತ್ತಾರೆಂದು ಕಾದೆ.

"ನಿನ್ನ ಉಣ್ಣಾಕ ಯಾವಾಗ ಬಿಡ್ತಾರ?" ಎಂದರು.