ಹುಳದ ಹೊಟ್ಟೆಯಲ್ಲಿ ಮದ್ದು ಹುಡುಕಿದವರು

ಬಾಗಿಲಲ್ಲಿ ಹಾಸಿದ ಸುಣ್ಣದ ಪುಡಿ ತುಳಿದು ನಮ್ಮ ರೇಷ್ಮೆ ಹುಳಮನೆಯೊಳಗೆ ಬಂದರೆ, ಮೇಡಂ ಅವರ ಒಡೆದ ಹಿಮ್ಮಡಿಯ ಬಿರುಕುಗಳೆಲ್ಲ ಬೆಳ್ಳಗೆ ಗೆರೆ ಎಳೆದಂತೆ ಕಾಣುತ್ತಿದ್ದವು. ಕಾಲೇಜಿನಲ್ಲಿ ದೊಡ್ಡ ವಿಜ್ಞಾನಿ, ಕಾರಿನಲ್ಲಿ ಬಂದವರು. ಆದರೂ ಮೊದಲ ದಿನವೇ, ಯಾರೂ ಹೇಳದೆ, ಚಪ್ಪಲಿ ಬಿಟ್ಟು, ಮುಡಿದಿದ್ದ ಮಲ್ಲಿಗೆಯನ್ನು ಕಾರಿನಲ್ಲೇ ತೆಗೆದಿಟ್ಟು ಬಂದರು. ಘಮ ರೇಷ್ಮೆಹುಳಕ್ಕೆ ಆಗದು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನಾನು ಗೂಡು ಸುರಿದರೆ ನೂಲು ತೆಗೆಯುವವರು ತಾವಾಗಿಯೇ ಬಂದು ಕೈಯಾಡಿಸುತ್ತಾರೆ. ಆ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಮೇಡಂ ಮೊದಲು ಬಂದ ಸಲ ಸಪ್ಪೆರೋಗ ಬಿದ್ದು ಹುಳಗಳು ಮೆತ್ತಗಾಗಿ ಸಾಯುತ್ತಿದ್ದವು. ರೋಗ ಬಿದ್ದ ಹುಳಮನೆಯನ್ನು ನಮ್ಮ ಕಡೆ ನೆಂಟರಿಗೂ ತೋರಿಸುವುದಿಲ್ಲ.

ಪರೀಕ್ಷೆಗೆ ಹುಳ ಬೇಕೆಂದ ಮೇಡಂಗೆ, “ಸತ್ತಿರೋ ಹುಳ ಆಚೆ ಗುಂಡೀಲವೆ, ತಗೊಂಡ್ಹೋಗಿ,” ಎಂದೆ.

“ಸತ್ತಿದ್ದು ಯಾರಿಗ್ ಬೇಕು ಯಜಮಾನ್ರೇ? ಸತ್ತವುಗಳ ಪಕ್ಕದಲ್ಲೇ ಕೂತು ಸೊಪ್ಪು ತಿಂತಾ ಇದ್ಯಲ್ಲ, ಆ ಗಟ್ಟಿಗ ಬೇಕು ನಂಗೆ!”

ಬದುಕುಳಿದ ಹುಳದ ಕರುಳಿನಲ್ಲಿ ಒಳ್ಳೆಯ ಸೂಕ್ಷ್ಮಜೀವಿಗಳು ಇರುತ್ತವಂತೆ. ಅವು ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನಿನ ತುಣುಕು ಮಾಡಿ, ಪಕ್ಕದ ರೋಗಾಣುವಿನ ಮೈಗೆ ತೂತು ಕೊರೆಯುತ್ತವಂತೆ. ಮಾತ್ರೆ, ಇಂಜೆಕ್ಷನ್ನಿಗೆ ಬಗ್ಗದ ರೋಗಾಣುಗಳಿಗೆ ಅದರಿಂದ ಮದ್ದು ಮಾಡಬೇಕೆಂಬುದು ಅವರ ಹಟ. ನಮ್ಮವ್ವ ಕೇಳಿ ಸೆರಗು ಬಾಯಿಗಿಟ್ಟು ನಕ್ಕಳು: “ಹುಳದ ಹೊಟ್ಟೆ ಬಗಿಯಾಕೆ ಇಷ್ಟೊಂದ್ ಓದ್ಬೇಕಾ ತಲ್ಲೀ?”

“ಓದಿದ್ದು ಸಾಲ್ದೇನೇ ನಿಮ್ಮನೆಗೆ ಬಂದಿರೋದು ಕಣಮ್ಮ.”

ಅಂದಿನಿಂದ ಪ್ರತಿ ಬೆಳೆಗೂ ಬಂದರು. ಹುಳವನ್ನು ಐಸ್ ಡಬ್ಬಿಗೆ ಇಳಿಸುವವರೆಗೆ ನೀರೂ ಮುಟ್ಟುತ್ತಿರಲಿಲ್ಲ. ಆಮೇಲೆ ಅವ್ವನ ಪಕ್ಕ ಕೂತು ಮುದ್ದೆ, ಅವರೆಕಾಳಿನ ಸಾರು ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಒಮ್ಮೆ ತಮ್ಮ ಲ್ಯಾಬಿಗೆ ಕರೆದೊಯ್ದು ಗಾಜಿನ ತಟ್ಟೆ ತೋರಿಸಿದರು. ತಟ್ಟೆಯ ತುಂಬ ರೋಗಾಣು; ನನ್ನ ಹುಳದಿಂದ ತೆಗೆದ ಹನಿ ಬಿದ್ದ ಜಾಗ ಮಾತ್ರ ಗುಂಡಗೆ ಖಾಲಿ.

ಮುಂದಿನ ವರ್ಷ ಸೊಪ್ಪು ಕೊಯ್ಯುವಾಗ ಕುಡುಗೋಲು ನನ್ನ ಮೊಣಕಾಲ ಕೆಳಗೆ ಬಿತ್ತು. ಮೆಡಿಕಲ್ ಸ್ಟೋರಿನ ಮಾತ್ರೆ ಕೇಳಲಿಲ್ಲ, ಕ್ಲಿನಿಕ್ಕಿನ ಇಂಜೆಕ್ಷನ್ನೂ ಕೇಳಲಿಲ್ಲ. ಕೀವು ಏರಿತು. ಹೀಗೇ ಹೋದರೆ ಕಾಲು ತೆಗೆಯಬೇಕಾದೀತು ಎಂದರು ಡಾಕ್ಟರು. ಹುಳ ಒಯ್ಯಲು ಬಂದ ಮೇಡಂ ಮುಂದೆ ನಾನು ಪಂಚೆ ಎತ್ತಿ ಗಾಯ ತೋರಿಸಿದೆ.

“ಆ ಹನಿ ಇದಕ್ಕೆ ಹಾಕ್ಬಿಡಿ ಮೇಡಂ.”

“ಆಗಲ್ಲಪ್ಪ.”

“ನಮ್ ಹುಳದ ಮದ್ದು ನಮಗೇ ಇಲ್ವಾ? ದೊಡ್ಡೋರಿಗೆ ಎತ್ತಿಟ್ಟಿದ್ದೀರಾ?”

ಅವರ ಮುಖ ಕೆಂಪಾಯಿತು. “ತಟ್ಟೇಲಿ ಗೆದ್ದಿದೆ, ಅಷ್ಟೇ. ಮನುಷ್ಯರ ಮೈಯಲ್ಲಿ ಏನ್ ಮಾಡುತ್ತೋ ನಂಗಿನ್ನೂ ಗೊತ್ತಿಲ್ಲ. ಗೊತ್ತಿಲ್ದೇ ಇರೋದನ್ನ ಮದ್ದು ಅಂತ ಹೆಂಗ್ರೀ ಹಾಕ್ಲಿ? ಏಳಿ, ಕಾರ್ ಹತ್ತಿ.”

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ, ಮೊದಲು ಈ ಕೀವು ಯಾವ ಔಷಧಕ್ಕೆ ಬಗ್ಗುತ್ತದೆಂದು ಪರೀಕ್ಷೆ ಮಾಡಿ ಎಂದು ಪಟ್ಟು ಹಿಡಿದು ನಿಂತರು. ಅದನ್ನು ಬಗ್ಗಿಸುವ ಔಷಧ ಒಂದೇ ಒಂದು ಉಳಿದಿತ್ತು. ಗಾಯ ಕೆರೆದು ಅದನ್ನೇ ಡ್ರಿಪ್ಪಿನಲ್ಲಿ ಕೊಟ್ಟರು. ನೋವು ಇಳಿದೊಡನೆ ನಾನು, ಹುಳ ಹಸಿದಿರುತ್ತೆ, ಮನೆಗೆ ಹೋಗ್ತೀನಿ ಎಂದು ಎದ್ದೆ.

“ಕೂತ್ಕೊಳ್ಳಿ! ಮಧ್ಯದಲ್ಲಿ ಬಿಟ್ಟೋದ್ರೆ, ಉಳ್ಕೊಂಡ ರೋಗಾಣುಗೆ ಈ ಔಷಧಾನೂ ಗೆಲ್ಲೋ ಪಾಠ ನೀವೇ ಹೇಳ್ಕೊಟ್ಟಂಗೆ.” ಕೂತೆ. ಕಾಲು ಉಳಿಯಿತು.

ಅವರ ಮದ್ದು ಇನ್ನೂ ಅಂಗಡಿಗೆ ಬಂದಿಲ್ಲ. ಶಿಷ್ಯರು ಮುಂದುವರಿಸಿದ್ದಾರೆ, ನನ್ನ ಹುಳವೇ ಹೋಗುತ್ತದೆ. ಬಂದೇ ಬರುತ್ತದೆ, ನನಗೆ ಅನುಮಾನವಿಲ್ಲ. ನಾನು ಅಷ್ಟು ಗೋಗರೆದರೂ ಇಲ್ಲದ್ದನ್ನು ಇದೆ ಎನ್ನದ ಹೆಂಗಸು ಸುಳ್ಳಿನ ಬೆನ್ನು ಹತ್ತಿರಲಾರರು.

ಕಳೆದ ವರ್ಷ ಎದೆನೋವೆಂದು ಮಲಗಿದ ಮೇಡಂ ಏಳಲಿಲ್ಲ. ಸುದ್ದಿ ಬಂದಾಗ ನಮ್ಮ ಹುಳಗಳು ಇನ್ನೇನು ಗೂಡು ಕಟ್ಟುವುದರಲ್ಲಿದ್ದವು. ಹುಳ ಇರುವ ಮನೆಯವರು ಸಾವಿನ ಮನೆಗೆ ಹೋಗುವುದಿಲ್ಲ. ನನ್ನ ಸೋದರಮಾವ ತೀರಿಕೊಂಡಾಗಲೂ ನಾನು ಹೋಗಿರಲಿಲ್ಲ.

“ಬೆಳೆ ಕೆಟ್ರೆ?” ಎಂದಳು ಹೆಂಡತಿ.

“ಕೆಟ್ರೆ ಇನ್ನೊಂದ್ ಬೆಳೆ ತೆಗೀತೀನಿ ಬಿಡೇ,” ಎಂದು ಬಸ್ಸು ಹತ್ತಿದೆ.

ಅವರ ಮನೆಯ ಮುಂದೆ ಯಾರೋ ಕುರ್ಚಿ ತಂದಿಟ್ಟು, ಕೂತ್ಕೊಳ್ಳಿ ಎಂದರು. ಬೇಡವೆಂದೆ. ಅವರನ್ನು ಎತ್ತುವವರೆಗೂ, ಅವರು ಉಳಿಸಿಕೊಟ್ಟ ಕಾಲಿನ ಮೇಲೆ ನಿಂತೇ ಇದ್ದೆ.