ಮೈನಸ್ ಬಲಕ್ಕೆ ಹೋದ ದಿನ

ಇಟ್ಟಮಡುವಿನಲ್ಲಿ ಅಂಜನಮ್ಮನವರ ಮನೆಯ ಕೆಳಗೆ ಮೊದಲು ಒಂದು ಪ್ಲೈವುಡ್ ಅಂಗಡಿ ಇತ್ತು. ಅದು ಖಾಲಿಯಾದ ಮೇಲೆ ಶಿವರಾಮ್ ಎಂಬ ಮೇಷ್ಟ್ರು ಆ ಜಾಗ ಹಿಡಿದು ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಶುರುಮಾಡಿದರು. ಮೇಲಿನ ಮಹಡಿಯಲ್ಲಿ ಅಂಜನಮ್ಮ, ಗಂಡ ಚಿಕ್ಕಬೈರಪ್ಪ. ಬಡಾವಣೆ ಬರುವ ಮೊದಲು ಅಲ್ಲೆಲ್ಲ ಅಂಜನಮ್ಮನ ಮಾವನ ತರಕಾರಿ ತೋಟ. ಈಗ ತೋಟವಿಲ್ಲ, ಬಾಡಿಗೆ ಮನೆಗಳಿವೆ.

ಅಂಜನಮ್ಮ ಹುಡುಗಿಯಾಗಿದ್ದಾಗ ಜಯನಗರದ ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ಸೇರಿದ್ದರು. ಮೊದಲ ವರ್ಷ ಮುಗಿಯುವಷ್ಟರಲ್ಲಿ ಮದುವೆಯಾಯಿತು. ಗಂಡನ ಮನೆಯಲ್ಲಿ ಯಾರೂ ಕಾಲೇಜು ಬೇಡ ಎನ್ನಲಿಲ್ಲ. ಹೋಗು ಎಂದೂ ಹೇಳಲಿಲ್ಲ. ಆ ಮಾತೇ ಬರದೆ ವರ್ಷಗಳು ಕಳೆದುಹೋದವು.

ಒಂದು ಸಂಜೆ ಕೆಳಗಿನ ಗೋಡೆಗೆ ನೀರು ಇಳಿಯುತ್ತಿದೆ ಎಂದು ಮೇಷ್ಟ್ರು ಹೇಳಿದ್ದರಿಂದ ಅಂಜನಮ್ಮ ನೋಡಲು ಇಳಿದರು. ಪಾಠ ಇನ್ನೂ ನಡೆಯುತ್ತಿತ್ತು. ಮುಗಿಯಲಿ ಎಂದು ಹಿಂದಿನ ಬೆಂಚಿನಲ್ಲಿ ಕುಳಿತರು.

ಬೋರ್ಡಿನ ಮೇಲೆ ಬೋಗುಣಿಯಂಥ ಒಂದು ಗೆರೆ ಇತ್ತು. ಅದು ಎಕ್ಸ್ ಸ್ಕ್ವೇರ್ ಎಂಬ ಫಂಕ್ಷನ್ನಿನ ಗ್ರಾಫ್. ಅಷ್ಟು ಅಂಜನಮ್ಮನಿಗೆ ನೆನಪಿತ್ತು. ಮೇಷ್ಟ್ರು ಎಕ್ಸ್ ಸ್ಕ್ವೇರ್ ಆದ ಮೇಲೆ ಮೈನಸ್ ಮೂರು ಎಂದು ಬರೆದು, ಬೋಗುಣಿಯನ್ನು ಗ್ರಾಫಿನ ಮೂರು ಮನೆ ಕೆಳಗೆ ಇಳಿಸಿದರು. ಸರಿ, ಕಳೆದರೆ ಇಳಿಯುತ್ತದೆ. ಆಮೇಲೆ ಆ ಮೈನಸ್ ಮೂರನ್ನು ಬ್ರ್ಯಾಕೆಟ್ಟಿನ ಒಳಗೆ ಎಕ್ಸ್ ಪಕ್ಕಕ್ಕೆ ಹಾಕಿ, ಹೊರಗೆ ಸ್ಕ್ವೇರ್ ಬರೆದರು. ಬೋಗುಣಿ ಮೂರು ಮನೆ ಬಲಕ್ಕೆ ಹೋಯಿತು.

ಅಂಜನಮ್ಮನಿಗೆ ಮೇಷ್ಟ್ರು ತಪ್ಪಿ ಬರೆದರೇನೋ ಅನ್ನಿಸಿತು. ಮಕ್ಕಳೆಲ್ಲ ಸುಮ್ಮನೆ ಬರೆದುಕೊಳ್ಳುತ್ತಿದ್ದರು.

"ಸಾರ್, ಬಲಗಡೆ ಪ್ಲಸ್ ಅಲ್ವಾ? ಮೈನಸ್ ಇದ್ರೆ ಎಡಕ್ಕೆ ಹೋಗ್ಬೇಕಲ್ವಾ?" ಎಂದು ಕೇಳಿಯೇ ಬಿಟ್ಟರು.

ಮಕ್ಕಳು ತಿರುಗಿ ನೋಡಿದರು. ಮೇಷ್ಟ್ರು ನಕ್ಕು, "ಒಳಗಡೆ ಇದ್ರೆ ಉಲ್ಟಾ, ಅಂಜನಮ್ಮೋರೆ. ಅಷ್ಟು ನೆನಪಿಟ್ಕೊಂಡ್ರೆ ಸಾಕು," ಎಂದರು.

ಗೋಡೆಯ ವಿಷಯ ಮಾತಾಡಿ ಮೇಲೆ ಬಂದರೂ ಅಂಜನಮ್ಮನ ತಲೆಯಲ್ಲಿ ಅದೇ ಓಡುತ್ತಿತ್ತು. ಒಳಗಿದ್ದರೆ ಯಾಕೆ ಉಲ್ಟಾ? ಮಾರನೆಯ ದಿನ ಸಾರಿಗೆ ಹುಳಿ ಹಾಕುವುದನ್ನು ಮರೆತರು. ಸಂಜೆ ಮತ್ತೆ ಕೆಳಗಿಳಿದರು. ಅದರ ಮಾರನೆಯ ದಿನವೂ.

"ದಿನಾ ಎಲ್ಲಿಗೆ ಹೋಗ್ತೀಯೆ?" ಎಂದು ಚಿಕ್ಕಬೈರಪ್ಪ ಕೇಳಿದರು.

"ಫಂಕ್ಷನ್ ಪಾಠಕ್ಕೆ."

"ಯಾರ ಮನೆ ಫಂಕ್ಷನ್?"

ಅಂಜನಮ್ಮ ವಿವರಿಸಲು ಹೋದರು. ಅರ್ಧಕ್ಕೇ ತಮಗೇ ಗೊಂದಲವಾಗಿ ನಿಲ್ಲಿಸಿದರು.

ಕ್ಲಾಸಿನಲ್ಲಿ ಅವರ ಪ್ರಶ್ನೆ ಮುಗಿಯಲಿಲ್ಲ. ಪ್ಲಸ್ ಎರಡು ಎಂದರೆ ಎಡಕ್ಕೆ ಯಾಕೆ, ಎಕ್ಸನ್ನು ಎರಡರಿಂದ ಗುಣಿಸಿದರೆ ಬೋಗುಣಿ ಅಗಲವಾಗದೆ ಕಿರಿದಾಗುವುದು ಯಾಕೆ. ಪ್ರತಿ ಸಲವೂ ಮೇಷ್ಟ್ರು "ಉಲ್ಟಾ" ಎನ್ನುವರು, ಗಡಿಯಾರ ನೋಡುವರು. ಅವರಿಗೆ ಪರೀಕ್ಷೆಯೊಳಗೆ ಪೋರ್ಷನ್ ಮುಗಿಸಬೇಕಿತ್ತು. ಕೊನೆಗೆ ಒಬ್ಬ ಹುಡುಗನ ತಾಯಿ ಫೋನ್ ಮಾಡಿ, ಓನರ್ ಆಂಟಿ ಕೂತು ಮಕ್ಕಳ ಟೈಮ್ ಹಾಳುಮಾಡುತ್ತಾರಂತೆ ಎಂದು ದೂರಿದರು.

ಶಿವರಾಮ್ ಮೆಟ್ಟಿಲ ಬಳಿ ನಿಂತು ಹಿಂಜರಿಯುತ್ತಾ ಹೇಳಿದರು: "ಬೇಜಾರ್ ಮಾಡ್ಕೋಬೇಡಿ. ಕೂತ್ಕೊಳ್ಳಿ, ಆದ್ರೆ ಏನೂ ಕೇಳ್ಬೇಡಿ."

"ಕೇಳ್ದೆ ಕೂತ್ಕೊಂಡು ಏನ್ಮಾಡ್ಲಿ ಸಾರ್?" ಎಂದರು ಅಂಜನಮ್ಮ. ಮಾರನೆಯ ದಿನದಿಂದ ಇಳಿಯಲಿಲ್ಲ. ಈ ವಯಸ್ಸಿನಲ್ಲಿ ನನಗಿದು ಬೇಕಿತ್ತಾ ಎಂದು ನಾಚಿಕೆಯಾಯಿತು. ಸಂಜೆ ಕೆಳಗಿನಿಂದ ಪಾಠದ ದನಿ ಕೇಳಿಸಿದರೆ ಟಿವಿ ಜೋರು ಮಾಡುತ್ತಿದ್ದರು.

ವಾರ ಕಳೆಯಿತು. ಒಂದು ದಿನ ಪಾಠ ಮುಗಿದ ಮೇಲೆ ಶಿವರಾಮ್ ತಾವೇ ಮೇಲೆ ಬಂದರು. ಜೊತೆಗೆ ಅರ್ಪಿತ ಎಂಬ ವಿದ್ಯಾರ್ಥಿನಿ.

"ಇವಳೂ ಈಗ ನಿಮ್ ಥರಾನೇ ಕೇಳೋಕೆ ಶುರುಮಾಡಿದಾಳೆ," ಎಂದರು ಮೇಷ್ಟ್ರು.

"ಟೆಸ್ಟಲ್ಲಿ ಉಲ್ಟಾದಲ್ಲೂ ಉಲ್ಟಾ ಮಾಡ್ಬಿಟ್ಟೆ ಆಂಟಿ," ಎಂದಳು ಅರ್ಪಿತ. "ಬ್ರ್ಯಾಕೆಟ್ ಹೊರಗಿರೋದನ್ನೂ ತಿರುಗಿಸ್ಬಿಟ್ಟೆ."

ಅಂಜನಮ್ಮ ಕಾಫಿ ತಂದಿಟ್ಟರು. ಶಿವರಾಮ್ ಕ್ಯಾಲೆಂಡರಿನ ಹಳೆಯ ಹಾಳೆ ತಿರುಗಿಸಿ ಗೆರೆ ಎಳೆದರು. "ಮೊದಲನೇ ಬೋಗುಣಿಯ ತಳ ಎಲ್ಲಿದೆ?"

"ಸೊನ್ನೆ ಹತ್ರ," ಎಂದರು ಅಂಜನಮ್ಮ.

"ಯಾಕೆ?"

ಅಂಜನಮ್ಮ ಯೋಚಿಸಿದರು. "ಸೊನ್ನೆ ಸ್ಕ್ವೇರ್ ಸೊನ್ನೆ. ಅದಕ್ಕಿಂತ ಕಮ್ಮಿ ಬರಲ್ಲ."

"ಈಗ ಒಳಗೆ ಎಕ್ಸ್ ಮೈನಸ್ ಮೂರು ಇದೆ. ಒಳಗೆ ಸೊನ್ನೆ ಬರ್ಬೇಕು ಅಂದ್ರೆ ಎಕ್ಸ್ ಎಷ್ಟಿರ್ಬೇಕು?"

"ಮೂರು," ಎಂದರು ಅಂಜನಮ್ಮ. ಹಾಳೆಯ ಮೇಲೆ ಮೂರರ ಗುರುತಿಗೆ ಬೆರಳಿಟ್ಟರು. "ಅಂದ್ರೆ ಮೈನಸ್ ಬೋಗುಣೀನ ತಳ್ತಾ ಇಲ್ಲ. ಒಳಗೆ ಹೋದ್ಮೇಲೆ ಮೂರು ಕಳೀತಾರೆ ಅಂತ ಎಕ್ಸ್ ಮೊದಲೇ ಮೂರು ಮನೆ ಮುಂದೆ ಹೋಗಿ ನಿಂತ್ಕೋಬೇಕು."

"ಹೂಂ, ಅಷ್ಟೆ."

"ಇದನ್ನ ಅವತ್ತೇ ಹೇಳ್ಬಹುದಿತ್ತಲ್ಲ ಸಾರ್."

"ಹೇಳ್ಬಹುದಿತ್ತು," ಎಂದು ಶಿವರಾಮ್ ಒಪ್ಪಿಕೊಂಡರು. "ಹತ್ತು ನಿಮಿಷ ಹೋಗುತ್ತೆ ಅಂತ ಹೇಳ್ತಿರ್ಲಿಲ್ಲ."

ಪಾಠ ಮುಗಿದ ಮೇಲೆ ಕೇಳುವುದು ಎಂದು ಮಾತಾಗಿ ಅಂಜನಮ್ಮ ಮತ್ತೆ ಕೆಳಗಿಳಿದರು. ಕೆಲವು ದಿನ ಎಲ್ಲವೂ ತಿಳಿಯಿತು. ಗುಣಿಸಿದರೆ ಯಾಕೆ ಕಿರಿದಾಗುತ್ತದೆ ಎನ್ನುವುದು ಕೂಡ ಹಾಗೇ ಬಿಡಿಸಿಕೊಂಡಿತು: ಎರಡರಿಂದ ಗುಣಿಸುವುದರಿಂದ, ಒಳಗೆ ನಾಲ್ಕು ಬರಬೇಕಿದ್ದರೆ ಎಕ್ಸ್ ಎರಡಾದರೆ ಸಾಕು.

ಅಷ್ಟರಲ್ಲಿ ಮೇಷ್ಟ್ರು ಸರಿಸುವುದು, ಕುಗ್ಗಿಸುವುದು ಎರಡನ್ನೂ ಸೇರಿಸಿದ ಲೆಕ್ಕ ಕೊಟ್ಟರು. ಬ್ರ್ಯಾಕೆಟ್ಟಿನೊಳಗೆ ಎರಡು ಎಕ್ಸ್ ಮೈನಸ್ ಆರು, ಹೊರಗೆ ಸ್ಕ್ವೇರ್. ಅಂಜನಮ್ಮ ಬೋಗುಣಿಯನ್ನು ಮೊದಲು ಆರು ಮನೆ ಬಲಕ್ಕೆ ಸರಿಸಿದರು, ಆಮೇಲೆ ಇಡೀ ಚಿತ್ರವನ್ನು ಸೊನ್ನೆಯ ಕಡೆಗೆ ಅರ್ಧಕ್ಕೆ ಕುಗ್ಗಿಸಿದರು. ಪಕ್ಕದಲ್ಲಿ ಅರ್ಪಿತ ಮೊದಲು ಕುಗ್ಗಿಸಿ, ಆಮೇಲೆ ಮೂರೇ ಮನೆ ಸರಿಸಿದ್ದಳು.

"ಆರು ಅಲ್ಲ ಆಂಟಿ, ಮೂರು."

"ಆರು ಅಂತ ಕಣ್ಣಿಗೆ ಕಾಣ್ತಾ ಇದೆಯಲ್ಲಮ್ಮ."

ಎರಡು ಹಾಳೆಗಳನ್ನೂ ಮೇಷ್ಟ್ರ ಮುಂದಿಟ್ಟರು. ಎರಡರಲ್ಲೂ ಬೋಗುಣಿಯ ತಳ ಮೂರರ ಮೇಲೇ ಕುಳಿತಿತ್ತು. ಶಿವರಾಮ್ ಎರಡಕ್ಕೂ ಸರಿ ಗುರುತು ಹಾಕಿದರು.

"ನಾನು ಆರು ಸರಿಸ್ದೆ, ಇವಳು ಮೂರು ಸರಿಸಿದ್ಲು. ಇಬ್ರದೂ ಹೆಂಗೆ ಸಾರ್ ಸರಿ?"

"ಯಾವ್ದು ಮೊದಲು ಮಾಡ್ತೀರಿ ಅನ್ನೋದರ ಮೇಲಿದೆ. ನಾಳೆ ನೋಡೋಣ," ಎಂದರು ಅವರು, ಹೆಲ್ಮೆಟ್ ಎತ್ತಿಕೊಳ್ಳುತ್ತಾ.

ಅಂಜನಮ್ಮ ಮೇಲೆ ಬಂದು ಹಾಳೆ ಹರಡಿಕೊಂಡು ಊಟದ ಮೇಜಿಗೆ ಕುಳಿತರು. ಚಿಕ್ಕಬೈರಪ್ಪ ಹೆಗಲ ಮೇಲಿನಿಂದ ಬಗ್ಗಿ ನೋಡಿದರು.

"ಸರಿ ಬಂತಾ?"

"ಬಂತು. ಯಾಕೆ ಬಂತು ಅಂತ್ಲೇ ಗೊತ್ತಾಗ್ತಿಲ್ಲ ಕಣ್ರೀ," ಎಂದು ಅವರು ಇನ್ನೊಂದು ಬೋಗುಣಿ ಬರೆಯತೊಡಗಿದರು.